ಐದು ವರ್ಷದ ಪ್ಲಾನ್ ಮಕ್ಕಳು ಬರೆದಾಗ: ಕುಂದಾಪುರ ತಾಲೂಕಿನ ಒಂದು ಪ್ರಕರಣ

ಪಂಚವಾರ್ಷಿಕ ಯೋಜನೆ ಅಂದ್ರೆ ದೆಹಲಿಲಿ ಯೋಜನಾ ಆಯೋಗದೋರು ಕೂತು ಬರೆಯೋದು ಅಂತ ನಾವೆಲ್ಲ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಓದಿದ್ದು, ಪರೀಕ್ಷೆಗೆ ಬರೆದು ಮರ್ತಿದ್ದು. ಹತ್ತನೇ ಪಂಚವಾರ್ಷಿಕ ಯೋಜನೆ ನಡೀತಿದ್ದಾಗ, ಅಂದ್ರೆ 2002ರಿಂದ 2007ರ ನಡುವೆ, ಉಡುಪಿ ಜಿಲ್ಲೆ ಕುಂದಾಪುರ ತಾಲೂಕಿನ ಮಕ್ಕಳು ತಮ್ಮ ತಮ್ಮ ಗ್ರಾಮ ಪಂಚಾಯತಿಗೆ ಐದು ವರ್ಷದ ಯೋಜನೆ ಬರೆದುಕೊಟ್ರು. ಮೊದಲು ಒಂದೆರಡು ಪಂಚಾಯತಿಲಿ ಶುರುವಾಗಿದ್ದು 2004ರ ಹೊತ್ತಿಗೆ ತಾಲೂಕಿನ 56 ಗ್ರಾಮ ಪಂಚಾಯತಿಗೂ ಹಬ್ಬಿತು, ಸಾವಿರಾರು ಮಕ್ಕಳು ಸೇರ್ಕೊಂಡ್ರು. ಹೈಸ್ಕೂಲಿಗೆ ಹೋಗೋ ಮಾಣಿ, ದನ ಮೇಯಿಸೋ ಹುಡುಗ, ಸಣ್ಣ ತಮ್ಮನ್ನ ಸೊಂಟಕ್ಕೇರಿಸ್ಕೊಂಡು ಮನೇಲೇ ಉಳಿದ ಹುಡುಗಿ, ಎಲ್ರೂ.

ಮಕ್ಕಳು, ಊರಿನ ಭವಿಷ್ಯ, ಕಲ್ಪನೆ ಅಂತ ಹೇಳಿದ ಕೂಡ್ಲೇ ನಮ್ಮ ಕಡೆ ಎಲ್ರ ತಲೆಗೂ ಬರೋದು "ನನ್ನ ಕನಸಿನ ಗ್ರಾಮ" ಚಿತ್ರ ಬಿಡಿಸೋ ಸ್ಪರ್ಧೆ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗಾಳಿಯಂತ್ರ, ಸೋಲಾರ್ ದೀಪ, "ನನ್ನನ್ನು ಬಳಸಿ" ಅಂತ ಬರೆದ ಕಸದ ಡಬ್ಬಿ, ಬೀದರಿಂದ ಚಾಮರಾಜನಗರದ ತನಕ ಅದೇ ಊರು. ಬಹುಮಾನ ಒಂದು ಸ್ಟೀಲ್ ತಟ್ಟೆ. ಅದ್ರಲ್ಲಿ ಮಕ್ಕಳ ಕಲ್ಪನೆ ಎಷ್ಟು ಅಂತ ನಂಗೆ ಯಾವಾಗ್ಲೂ ಡೌಟು, ಬಹಳಷ್ಟು ಸಲ ಟೀಚರ್ ಬೋರ್ಡ್ ಮೇಲೆ ಹಾಕಿದ್ದನ್ನ ಇಳಿಸಿರ್ತಾರೆ ಅಷ್ಟೇ. ಕುಂದಾಪುರದ ಮಕ್ಕಳ ಯೋಜನೇಲಿ ಇದ್ದಿದ್ದು ಕಾಲುಸಂಕ (ಹಳ್ಳ ದಾಟೋ ಸಣ್ಣ ಕಾಲುಸೇತುವೆ), ಅಂಗನವಾಡಿ, ಕುಡಿಯೋ ನೀರು, ಗಾಲಿಕುರ್ಚಿ ಹೋಗೋವಷ್ಟು ದಾರಿ. ನೋಡೋಕೆ ಸಪ್ಪೆ ಅನ್ನಿಸ್ಬೋದು. ಆದ್ರೆ ನನ್ನ ಪ್ರಕಾರ ಊರಿನ ಬಗ್ಗೆ ಮಕ್ಕಳು ಮಾಡಿದ ಕಲ್ಪನೆಗಳಲ್ಲಿ ನಮ್ಮ ರಾಜ್ಯದಲ್ಲಿ ಇದಕ್ಕಿಂತ ದೊಡ್ಡದು ಆಗಿಲ್ಲ. ಯಾಕೆ ಹಾಗೆ ಅನ್ನಿಸ್ತದೆ, ಆಮೇಲೆ ಅದಕ್ಕೆ ಎಂತ ಆಯ್ತು ಅನ್ನೋದೇ ಈ ಬರಹ.

ಹೋಟ್ಲಿಂದ ಪಂಚಾಯತಿಗೆ

ಕಥೆ ಶುರುವಾಗಿದ್ದು ಪಂಚಾಯತಿ ಕಟ್ಟಡದಲ್ಲಲ್ಲ, ಹೋಟ್ಲಲ್ಲಿ. ಘಟ್ಟದ ಬುಡದ ಹಳ್ಳಿಗಳಿಂದ ಹತ್ತು ಹನ್ನೆರಡು ವರ್ಷದ ಮಾಣಿಗಳನ್ನ ಬೆಂಗಳೂರು, ಬೊಂಬಾಯಿ ಹೋಟ್ಲಿಗೆ ಕಳಿಸೋದು ಕರಾವಳೀಲಿ ಒಂದು ಕಾಲಕ್ಕೆ ಮಾಮೂಲು, ಮನೇಲಿ ಉಣ್ಣೋ ಬಾಯಿ ಒಂದು ಕಮ್ಮಿ ಆಗ್ತದೆ, ಚೌತಿಗೋ ದೀಪಾವಳಿಗೋ ಬರುವಾಗ ನಾಲ್ಕು ಕಾಸು ತರ್ತಾನೆ ಅಂತ. ಬೆಂಗಳೂರಲ್ಲಿ ನಂದನಾ ರೆಡ್ಡಿ ಮತ್ತವರ ಜೊತೆಗಾರರು ಟ್ರೇಡ್ ಯೂನಿಯನ್ ಕೆಲಸ ಮಾಡ್ತಾ ಮಾಡ್ತಾ ಇಂಥ ಮಕ್ಕಳ ಕಡೆ ತಿರುಗಿದ್ರು, ಅದೇ ಮುಂದೆ ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಅನ್ನೋ ಸಂಸ್ಥೆ ಆಯ್ತು, ಎಲ್ರೂ ಸಿಡಬ್ಲ್ಯೂಸಿ ಅಂತಾರೆ. ಸಿಟೀಲಿ ಸಿಕ್ಕ ಹೋಟ್ಲು ಹುಡುಗರಲ್ಲಿ ಸುಮಾರು ಮಂದಿ ಕುಂದಾಪುರ ಕಡೆಯೋರು ಅಂತ ಗೊತ್ತಾದ ಮೇಲೆ, ಹುಡುಗ ಬಸ್ ಹತ್ತೋ ಜಾಗಕ್ಕೇ ಹೋಗಿ ಕೆಲಸ ಮಾಡ್ಬೇಕು ಅಂತ ಅವರು ಊರಿಗೇ ಬಂದ್ರು. ಕುಂದಾಪುರ ತಾಲೂಕಿನ ಕನ್ಯಾನದಲ್ಲಿ ನಮ್ಮಭೂಮಿ ಅನ್ನೋ ತರಬೇತಿ ಕೇಂದ್ರ ಬಂದಿದ್ದು ಹೀಗೆ.

1990ರಲ್ಲಿ ಭೀಮ ಸಂಘ ಹುಟ್ತು. ಕೆಲಸ ಮಾಡೋ ಮಕ್ಕಳ ಸ್ವಂತ ಸಂಘ, ಲೀಡರುಗಳೂ ಮಕ್ಕಳೇ, ಭೀಮ ಪತ್ರಿಕೆ ಅಂತ ಗೋಡೆ ಪತ್ರಿಕೆನೂ ಇತ್ತು. ಇದರ ಬಗ್ಗೆ ಆಗ್ಲೂ ಜಗಳ ಇತ್ತು ಈಗ್ಲೂ ಇದೆ, ಯಾಕಂದ್ರೆ ಬಾಲಕಾರ್ಮಿಕ ಪದ್ಧತಿ ಕಾನೂನು ಪ್ರಕಾರ ನಿಲ್ಲಬೇಕಾದ್ದು (ಕಾಯ್ದೆ ಬಂದಿದ್ದು 1986ರಲ್ಲಿ), ಕೆಲಸ ಮಾಡೋ ಮಕ್ಕಳಿಗೆ ಸಂಘ ಕಟ್ಟಿಕೊಟ್ರೆ ಕೆಲಸಕ್ಕೇ ಮಾನ್ಯತೆ ಕೊಟ್ಟಂಗೆ ಆಗಲ್ವಾ ಅಂತ ಕೇಳೋರು ಸುಮಾರು ಜನ. ಆ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಆದ್ರೆ ರೇಡ್ ಮಾಡಿ ಹುಡುಗನ್ನ ಬಿಡಿಸಿ ಊರಿಗೆ ಕಳಿಸಿದ್ರೆ ಊರಲ್ಲಿ ಅವನಿಗೆ ಎಂತ ಇದೆ? ಈ ಪ್ರಶ್ನೆ ಕೇಳಿದ್ದು ದೊಡ್ಡೋರಲ್ಲ, ಆ ಹುಡುಗರೇ.

1996ರ ಕೊನೇಲಿ ಕುಂದಾಪುರದಲ್ಲೇ ಕೆಲಸ ಮಾಡೋ ಮಕ್ಕಳ ಮೊದಲ ಅಂತರರಾಷ್ಟ್ರೀಯ ಸಭೆ ನಡೀತು. ಲ್ಯಾಟಿನ್ ಅಮೆರಿಕ, ಆಫ್ರಿಕಾ, ಏಷ್ಯಾದ ಮಕ್ಕಳ ಸಂಘಟನೆಗಳ ಪ್ರತಿನಿಧಿಗಳು ಬಂದು ಹತ್ತು ಅಂಶದ ಒಂದು ಘೋಷಣೆ ಮಾಡಿದ್ರು. ಅದಕ್ಕೆ ಹೊರಗಡೆ ಇವತ್ತಿಗೂ ಕುಂದಾಪುರ ಘೋಷಣೆ ಅಂತ್ಲೇ ಹೆಸರು, ನಮ್ಮೂರಲ್ಲಿ ಮಾತ್ರ ಕೇಳಿದ್ರೆ ಹತ್ತರಲ್ಲಿ ಒಂಬತ್ತು ಜನಕ್ಕೆ ಗೊತ್ತಿರಲ್ಲ. ಅದ್ರಲ್ಲಿ ಒಂದು ಅಂಶ ಈ ಕಥೆಗೆ ತುಂಬಾ ಬೇಕಾದ್ದು: ಹಳ್ಳಿಗಳಲ್ಲಿ ಜಾಸ್ತಿ ಕೆಲಸ ಆಗ್ಬೇಕು, ತೀರ್ಮಾನ ತಗೊಳ್ಳೋ ಅಧಿಕಾರ ಹಳ್ಳಿ ಮಟ್ಟಕ್ಕೆ ಬರ್ಬೇಕು, ಮಕ್ಕಳು ಊರು ಬಿಡೋ ಪರಿಸ್ಥಿತಿ ಬರಬಾರ್ದು. ಅಂದ್ರೆ ಸಿಟಿ ಹೋಟ್ಲಿನ ಸಮಸ್ಯೆಗೆ ಉತ್ತರ ಹಳ್ಳಿ ಪಂಚಾಯತಿಲಿದೆ ಅಂತ ಮಕ್ಕಳೇ ಹೇಳಿಬಿಟ್ಟಿದ್ರು.

ಪಂಚಾಯತಿಗೂ ಅದೇ ಹೊತ್ತಿಗೆ ಜೀವ ಬಂದಿತ್ತು. ಸಂವಿಧಾನದ 73ನೇ ತಿದ್ದುಪಡಿ, 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ, ಹೆಂಗಸರಿಗೆ ಮೀಸಲಾತಿ, ಗ್ರಾಮ ಸಭೆ, ಎಲ್ಲಾ ಹೊಸದು. ಭಾರತ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೇರಿದ್ದೂ 1992ರ ಕೊನೇಲಿ, ಅದರ 12ನೇ ವಿಧಿ ಪ್ರಕಾರ ತಮಗೆ ಸಂಬಂಧಪಟ್ಟ ವಿಷ್ಯದಲ್ಲಿ ಮಕ್ಕಳ ಅಭಿಪ್ರಾಯ ಕೇಳ್ಬೇಕು, ಅದಕ್ಕೆ ತೂಕ ಕೊಡ್ಬೇಕು. ಇದೆಲ್ಲ ಸೇರಿ 1990ರ ದಶಕದ ಮಧ್ಯದಲ್ಲಿ ಮಕ್ಕಳ ಪಂಚಾಯತಿ ಬಂತು. ಮಕ್ಕಳೇ ಓಟು ಹಾಕಿ ಮಕ್ಕಳನ್ನೇ ಆರಿಸೋದು. ಹುಡುಗಿಯರಿಗೆ, ಕೆಲಸ ಮಾಡೋ ಮಕ್ಕಳಿಗೆ, ಅಂಗವಿಕಲ ಮಕ್ಕಳಿಗೆ ಸೀಟು ಮೀಸಲು. ಮಕ್ಕಳ ಮಿತ್ರ ಅಂತ ದೊಡ್ಡೋರೊಬ್ರನ್ನ ಮಕ್ಕಳೇ ಆರಿಸಿ ಇಟ್ಕೊಳ್ಳೋದು, ರಾತ್ರಿ ಹೊತ್ತಲ್ಲಿ ತೊಂದ್ರೆ ಆದ್ರೂ ಅವರ ಮನೆ ಬಾಗಿಲು ತಟ್ಬೋದು. ಇದ್ರ ಮೇಲೆ ಒಂದು ಟಾಸ್ಕ್ ಫೋರ್ಸ್, ಅಂದ್ರೆ ಮಕ್ಕಳ ಪ್ರತಿನಿಧಿ, ಪಂಚಾಯತಿ ಮೆಂಬರುಗಳು, ಇಲಾಖೆ ಆಫೀಸರುಗಳು ಒಂದೇ ಮೇಜಿಗೆ. ನಂಗೆ ಇದರಲ್ಲಿ ಚುನಾವಣೆಗಿಂತ ಟಾಸ್ಕ್ ಫೋರ್ಸೇ ಮುಖ್ಯ ಅನ್ಸೋದು. ಚುನಾವಣೆ ಶಾಲಾ ಸಂಸತ್ತಲ್ಲೂ ಇರ್ತದೆ, ಅಲ್ಲಿನ ಪ್ರಧಾನಮಂತ್ರಿ ಕೆಲಸ ಬೆಲ್ ಹೊಡೆಯೋದು.

ಯೋಜನೆ ಬರೆದ ಬಗೆ

ಪಂಚಾಯತಿ ಕ್ರಿಯಾಯೋಜನೆ ಮಾಮೂಲಿಯಾಗಿ ಹೇಗಿರ್ತದೆ ಅಂತ ನೋಡಿದೋರಿಗೆ ಗೊತ್ತು. ಒಬ್ಬೊಬ್ಬ ಮೆಂಬರೂ ತನ್ನ ವಾರ್ಡಿನ ಎರಡು ಮೂರು ಐಟಂ ಕೊಡ್ತಾರೆ, ಇಂಥವರ ಮನೆಯಿಂದ ಇಂಥವರ ಮನೆ ತನಕ ರಸ್ತೆ, ಚರಂಡಿ, ಮೋರಿ, ಒಂದು ಸಮುದಾಯ ಭವನ, ಕಾರ್ಯದರ್ಶಿ ಎದುರಿಗೆ ಅಂದಾಜು ಮೊತ್ತ ಹಾಕ್ತಾರೆ, ಮುಗೀತು. ಯಾಕೆ ಬೇಕು ಅಂತ ಒಂದು ಸಾಲೂ ಇರಲ್ಲ.

ಮಕ್ಕಳು ಮಾಡಿದ್ದೇ ಬೇರೆ ಕ್ರಮ. ಮೊದಲು ಮನೆ ಮನೆಗೆ ಹೋಗಿ ಮಾಹಿತಿ, ಆಮೇಲೆ ನೆಲದ ಮೇಲೆ ರಂಗೋಲಿ ಪುಡಿ, ಬೂದಿ, ಕಲ್ಲು, ಎಲೆ ಇಟ್ಟು ಊರಿನ ನಕ್ಷೆ, ಯಾವ ತಿಂಗಳಲ್ಲಿ ಯಾರಿಗೆ ಎಂತ ಕೆಲಸ ಅಂತ ಒಂದು ಕ್ಯಾಲೆಂಡರು, ಊರಿನ ಹಳಬರ ಹತ್ರ ಕೂತು ಹಿಂದೆ ಹೇಗಿತ್ತು ಅಂತ ಕೇಳೋದು. ಪ್ರತಿ ಸಮಸ್ಯೆಗೂ ಅದರ ಹಿನ್ನೆಲೆ, ಕಾರಣ, ಯಾರಿಗೆ ಎಷ್ಟು ತೊಂದರೆ, ಬೇರೆ ದಾರಿ ಎಂತದ್ದು ಅಂತ ಬರೆದು ಆಮೇಲೆ ಯಾವುದು ಮೊದಲು ಯಾವುದು ಆಮೇಲೆ ಅಂತ ಸಾಲು ಹಚ್ಚೋದು. ಕೊನೆಗೆ ಮಕ್ಕಳ ಗ್ರಾಮ ಸಭೇಲಿ ಪಂಚಾಯತಿಯೋರ ಎದುರು ಇಟ್ಟು ಲಿಖಿತವಾಗಿ ಒಪ್ಪಿಸೋದು. ಎಷ್ಟೋ ಕಡೆ ದೊಡ್ಡೋರ ಯೋಜನೆಗಿಂತ ಮಕ್ಕಳ ಯೋಜನೇನೇ ವಿವರವಾಗಿತ್ತು, ಅದಕ್ಕೆ ಆಶ್ಚರ್ಯ ಪಡೋದೇನೂ ಇಲ್ಲ, ಮೆಂಬರು ಪಂಚಾಯತಿ ಆಫೀಸಿಗೆ ಬೈಕಲ್ಲಿ ಹೋಗ್ತಾರೆ, ಮಕ್ಕಳು ಊರಿನ ಹಾಡಿ, ಹಕ್ಲು, ಗದ್ದೆ ಅಂಚು, ತೋಡು ಎಲ್ಲಾ ಕಾಲಲ್ಲೇ ತಿರುಗ್ತಾರೆ.

ಕಾಲುಸಂಕ ಅಂದ್ರೆ ಬಯಲುಸೀಮೆಯೋರಿಗೆ ಅಂದಾಜು ಸಿಗಲಿಕ್ಕಿಲ್ಲ. ನಮ್ಮ ಕಡೆ ಮನೆಗಳು ಒತ್ತೊತ್ತಾಗಿ ಕೇರಿ ತರ ಇರಲ್ಲ, ಒಂದು ಮನೆ ಈ ಗದ್ದೆ ಹತ್ರ, ಇನ್ನೊಂದು ಆ ಗುಡ್ಡದ ಬುಡದಲ್ಲಿ, ನಡುವೆ ತೋಡು. ಬೇಸಿಗೇಲಿ ಅದ್ರಲ್ಲಿ ಕಾಲು ನೆನೆಯೋವಷ್ಟೂ ನೀರಿರಲ್ಲ. ಮೇ ಕೊನೇಲಿ ಊರೋರು ಸೇರಿ ಎರಡೋ ಮೂರೋ ಅಡಿಕೆ ಮರ ಅಡ್ಡ ಹಾಕಿ ಬಿಗಿದು ಕಟ್ತಾರೆ, ಹಿಡ್ಕೊಳ್ಳೋಕೆ ಒಂದು ಬದಿಗೆ ಬಿದಿರಿನ ಗಳ. ಜೂನ್ ಅರ್ಧ ಆಗೋದ್ರೊಳಗೆ ಮರಕ್ಕೆ ಪಾಚಿ. ಜುಲೈಲಿ ಘಟ್ಟದ ಮೇಲೆ ರಾತ್ರಿ ಮಳೆ ಹೊಡೆದ್ರೆ ಬೆಳಿಗ್ಗೆ ಕೆಂಪು ನೀರು ಮರಕ್ಕೆ ತಾಗಿಕೊಂಡು ಹೋಗ್ತಿರ್ತದೆ, ಹುಡುಗಿ ಒಂದು ಕೈಲಿ ಕೊಡೆ, ಒಂದು ಕೈ ಗಳದ ಮೇಲೆ, ಚಪ್ಪಲಿ ಬಿಚ್ಚಿ ಬ್ಯಾಗಿನ ಬಾಯಿಗೆ ಸಿಕ್ಕಿಸಿ, ಪಾದ ಅಡ್ಡ ಅಡ್ಡ ಇಟ್ಟು ದಾಟ್ತಾಳೆ, ಆ ಬದೀಲಿ ಅಮ್ಮ ನಿಂತು "ನೀರ್ ಕಾಣ್ಬೇಡ, ಮರ ಕಾಣ್" ಅಂತ ಕೂಗ್ತಿರ್ತಾಳೆ. ಮಳೆ ಜೋರಿದ್ದ ದಿನ ಅಮ್ಮ ಶಾಲೆಗೇ ಬೇಡ ಅಂತಾಳೆ. ಹೀಗೆ ಜೂನ್, ಜುಲೈ, ಆಗಸ್ಟಲ್ಲಿ ಅಲ್ಲೊಂದು ಇಲ್ಲೊಂದು ದಿನ ತಪ್ಪಿ, ಪಾಠ ತಪ್ಪಿ, ಫೇಲಾಗಿ, ಆಮೇಲೆ ಹೋಟ್ಲಿನ ಬಸ್ಸು. ಇದು ಸಂಕದಿಂದ ಬೆಂಗಳೂರಿಗೆ ಇರೋ ನೇರ ದಾರಿ, ನಕ್ಷೇಲಿ ಕಾಣೋದಲ್ಲ.

ಈಗ ಒಂದು ಸಂಕದ ವಿಷ್ಯ ದೊಡ್ಡೋರ ಪಟ್ಟೀಲಿ ಬಂದ್ರೆ "ಕಾಲುಸಂಕ ನಿರ್ಮಾಣ, ಇಷ್ಟು ಲಕ್ಷ" ಅಂತ ಒಂದೇ ಸಾಲು. ಮಕ್ಕಳು ಹಿಡಿದ ಪದ್ಧತೀಲಿ ಹೋದ್ರೆ ಅದೇ ಸಂಕಕ್ಕೆ ಎಷ್ಟು ಪ್ರಶ್ನೆ ಏಳ್ತದೆ ನೋಡಿ: ದಿನಾ ಎಷ್ಟು ಮಕ್ಕಳು ದಾಟ್ತಾರೆ, ಮಳೆಗಾಲದಲ್ಲಿ ಎಷ್ಟು ದಿನ ಶಾಲೆ ತಪ್ತದೆ, ಡೈರಿಗೆ ಹಾಲು ಕೊಂಡೋಗೋರು ಯಾರು, ಬಸುರಿ ಹೆಂಗಸರು ಆಸ್ಪತ್ರೆಗೆ ಹೇಗೆ ಹೋಗ್ತಾರೆ, ಆಚೆ ಬದಿ ಜಾಗ ಸರ್ಕಾರದ್ದಾ, ಯಾರದ್ದಾದ್ರೂ ವರ್ಗ ಜಾಗವಾ, ಅವರು ಬಿಟ್ಟುಕೊಡ್ತಾರಾ, ಅರಣ್ಯ ಇಲಾಖೆ ತಕರಾರು ಬರ್ತದಾ, ಸಂಕ ಕಟ್ಟೋದಕ್ಕಿಂತ ಅಂಗನವಾಡೀನೇ ಈ ಬದಿಗೆ ತಂದ್ರೆ ಸಣ್ಣ ಮಕ್ಕಳಿಗಾದ್ರೂ ಆಗಲ್ವಾ. ಕಲ್ಪನೆ ಅಂತ ನಾನು ಹೇಳೋದು ಈ ಕೊನೇ ತರದ ಪ್ರಶ್ನೇನ. ಇಲ್ಲದ್ದನ್ನ ಚಿತ್ರ ಬಿಡಿಸೋದು ಸುಲಭ. ಇರೋ ಊರಲ್ಲೇ ಒಂದು ಕಟ್ಟಡ ಈ ಕಡೆ ಸರಿಸಿದ್ರೆ, ಒಂದು ಟೈಮಿಂಗ್ ಬದಲಾಯಿಸಿದ್ರೆ ಯಾರ್ ಯಾರ ದಿನ ಹೇಗೆ ಬದಲಾಗ್ತದೆ ಅಂತ ಕಾಣೋದು ಕಷ್ಟ, ಅದಕ್ಕೆ ಊರನ್ನ ಪೂರ್ತಿ ತಲೇಲಿ ಇಟ್ಕೊಂಡಿರ್ಬೇಕು.

ಅಂಗನವಾಡಿ ವಿಷ್ಯಾನೂ ಹಾಗೇ. ದೊಡ್ಡೋರಿಗೆ ಅದು ಶಿಶು ಅಭಿವೃದ್ಧಿ ಇಲಾಖೆಯ ವಿಷ್ಯ, ಆಹಾರ, ತೂಕ, ಲಸಿಕೆ. ಹತ್ತು ವರ್ಷದ ಹುಡುಗಿಗೆ ಅದು ಅವಳ ಶಾಲೆಯ ವಿಷ್ಯ, ಯಾಕಂದ್ರೆ ಅಮ್ಮ ಗದ್ದೆಗೋ ಗೇರುಬೀಜ ಕಾರ್ಖಾನೆಗೋ ಹೋದ್ರೆ ತಮ್ಮನ್ನ ನೋಡ್ಕೊಳ್ಳೋಳು ಅವಳೇ, ಅಂಗನವಾಡಿ ದೂರ ಇದ್ರೆ ಅಥವಾ ಬೇಗ ಬಾಗಿಲು ಹಾಕಿದ್ರೆ ಅವಳ ಕ್ಲಾಸು ಹೋಯ್ತು. ಅಂಗನವಾಡಿ ಬಾಗಿಲು ಹಾಕೋ ಟೈಮಿಗೂ ಅಕ್ಕನ ಹಾಜರಿಗೂ ಇರೋ ಗಂಟು ಇಲಾಖೆಯ ಯಾವ ಫಾರ್ಮಲ್ಲೂ ಕಾಣಲ್ಲ, ಶಿಕ್ಷಣ ಇಲಾಖೆ ಬೇರೆ ಫೈಲು, ಶಿಶು ಅಭಿವೃದ್ಧಿ ಬೇರೆ ಫೈಲು.

ಇನ್ನೊಂದು ಮಾತಿದೆ, ಇದನ್ನ ಬರೆದೋರು ಕಮ್ಮಿ. ಐದು ವರ್ಷ ಅನ್ನೋದು ಪಂಚಾಯತಿ ಮೆಂಬರಿಗೆ ಒಂದು ಅವಧಿ ಅಷ್ಟೇ, ಮುಂದಿನ ಎಲೆಕ್ಷನ್ ತನಕ. ಹನ್ನೆರಡು ವರ್ಷದ ಮಗುಗೆ ಅದು ಬುದ್ಧಿ ಬಂದಾಗಿನಿಂದ ಬದುಕಿದಷ್ಟು ಕಾಲ. ಯೋಜನೆ ಮುಗಿಯೋ ಹೊತ್ತಿಗೆ ಆ ಮಗುಗೆ ಹದಿನೇಳು, ಪ್ರೈಮರಿ ಶಾಲೆ ದಾರಿಗೆ ಸಂಕ ಬಂದ್ರೂ ತನಗೆ ಉಪಯೋಗ ಇಲ್ಲ. ಆದ್ರೂ ಅವು ಅದನ್ನ ಪಟ್ಟಿಗೆ ಹಾಕಿದ್ವು, ತಂಗಿಗೆ, ತಮ್ಮನಿಗೆ, ಪಕ್ಕದ ಮನೆ ಇನ್ನೂ ನಡೆಯೋಕೆ ಕಲೀತಿರೋ ಮಗುಗೆ. ತನ್ನ ಅವಧಿ ಮುಗಿದ ಮೇಲೆ ಉಪಯೋಗಕ್ಕೆ ಬರೋ ಕೆಲಸಕ್ಕೆ ದುಡ್ಡಿಡೋ ಮೆಂಬರನ್ನ ನೀವು ನೋಡಿದ್ದೀರಾ? ನಾನಂತೂ ಹುಡುಕ್ತಾ ಇದ್ದೇನೆ.

ಇಲ್ಲಿ ಒಂದು ಅನುಮಾನ ಯಾರಿಗಾದ್ರೂ ಬರ್ಬೇಕಾದ್ದೇ: ಮಕ್ಕಳ ಬಾಯಲ್ಲಿ ಎನ್‌ಜಿಓ ಮಾತಾಡ್ತಿತ್ತಾ? ಸ್ವಲ್ಪ ಮಟ್ಟಿಗೆ ಇರ್ಬೋದು. ಸಂಸ್ಥೆಯ ಕಾರ್ಯಕರ್ತರು ಇಲ್ದೇ ಇಷ್ಟು ಊರಲ್ಲಿ ಇಷ್ಟು ಮಕ್ಕಳು ಒಂದೇ ಕಾಲಕ್ಕೆ ಸರ್ವೆ ಮಾಡೋದು ಆಗ್ತಿರ್ಲಿಲ್ಲ, ಹೇಗೆ ಕೇಳ್ಬೇಕು ಅಂತ ಕಲಿಸಿದ್ದು ಅವರೇ. ಆದ್ರೆ ಕೇಳೋ ಬಗೆ ಕಲಿಸೋದಕ್ಕೂ ಉತ್ತರ ಹೇಳಿಕೊಡೋದಕ್ಕೂ ವ್ಯತ್ಯಾಸ ಇದೆ. ಬೆಂಗಳೂರಿನ ಆಫೀಸಲ್ಲಿ ಕೂತೋರಿಗೆ ಯಾವ ತೋಡಿನ ಯಾವ ಮರ ಕೊಳೆತಿದೆ ಅಂತ ಗೊತ್ತಿರೋಕೆ ಸಾಧ್ಯ ಇಲ್ಲ. ನಂಗೆ ಇದಕ್ಕಿಂತ ದೊಡ್ಡ ಚಿಂತೆ ಬೇರೆ, ಸಂಸ್ಥೆ ಕೈ ತೆಗೆದ್ರೆ ಪಂಚಾಯತಿ ತನ್ನಷ್ಟಕ್ಕೆ ಇದನ್ನ ಮುಂದುವರಿಸ್ತದಾ ಅನ್ನೋದು. ಯೋಜನೆಗೆ ಕಾನೂನಿನ ಬಲ ಇರ್ಲಿಲ್ಲ, ಪಂಚಾಯತಿ ಒಪ್ಪಿದ್ರೆ ಉಂಟು, ಇಲ್ದಿದ್ರೆ ಕಪಾಟು. ಪಂಚಾಯತಿ ಕೈಲೂ ಸ್ವಂತ ದುಡ್ಡು ಅಷ್ಟಕ್ಕಷ್ಟೇ, ಬಹುಪಾಲು ಅನುದಾನ ಇಂಥದ್ದಕ್ಕೇ ಅಂತ ಮೇಲಿಂದ ಹಣೆಪಟ್ಟಿ ಹಚ್ಕೊಂಡು ಬರೋದು. ಆದ್ರೂ ಕೆಲವು ಕಡೆ ಸಂಕ ಬಂತು, ಕೆಲವು ಕೆಲಸ ಆಯ್ತು. ಪೂರ್ತಿ ಪಟ್ಟಿ ಎಲ್ಲೂ ಆಗ್ಲಿಲ್ಲ.

ಆದೇಶ ಆದ ಮೇಲೆ

ಹೊರಗಡೆ ಹೆಸರು ಚೆನ್ನಾಗೇ ಬಂತು. 2012ರಿಂದ ಸಾಲಾಗಿ ಮೂರು ವರ್ಷ ಸಿಡಬ್ಲ್ಯೂಸಿ ಸಂಸ್ಥೆಯನ್ನ ನೊಬೆಲ್ ಶಾಂತಿ ಪ್ರಶಸ್ತಿಗೆ ನಾರ್ವೆಯ ಸಂಸದರು ನಾಮನಿರ್ದೇಶನ ಮಾಡಿದ್ರು. ರಾಜ್ಯ ಸರ್ಕಾರ ಅದಕ್ಕೂ ಮುಂಚೇನೇ, 2006-07ರ ಹೊತ್ತಿಗೆ, ಎಲ್ಲಾ ಗ್ರಾಮ ಪಂಚಾಯತಿಗಳೂ ವರ್ಷಕ್ಕೊಂದು ಮಕ್ಕಳ ಗ್ರಾಮ ಸಭೆ ಮಾಡ್ಬೇಕು ಅಂತ ಹೇಳಿತು. ದೇಶದಲ್ಲೇ ದೊಡ್ಡ ಹೆಜ್ಜೆ ಅದು, ಇವತ್ತು ನವೆಂಬರ್ ಬಂದ್ರೆ ಪೇಪರಿನ ಜಿಲ್ಲಾ ಪುಟದಲ್ಲಿ ದಿನಾ ಒಂದಾದ್ರೂ ಮಕ್ಕಳ ಗ್ರಾಮ ಸಭೆ ಫೋಟೋ ಇರ್ತದೆ.

ಫೋಟೋ ಒಳಗೆ ಎಂತ ಆಗ್ತದೆ ಅಂತ ಹೇಳ್ತೇನೆ, ನಾನು ಹೋಗಿ ಕೂತಿದ್ದ ಒಂದು ಸಭೆ, ಯಾವ ಪಂಚಾಯತಿ ಅನ್ನೋದು ಬೇಡ, ಎಲ್ಲಾ ಕಡೆ ಹೆಚ್ಚುಕಮ್ಮಿ ಹೀಗೇ. ಹತ್ತು ಗಂಟೆಗೆ ಅಂತ ಇತ್ತು, ಅಧ್ಯಕ್ಷರು ಬರುವಾಗ ಹನ್ನೊಂದು. ಪ್ರಾರ್ಥನೆ, ಸ್ವಾಗತ, ದೀಪ. ಆಮೇಲೆ ಆರೋಗ್ಯ ಇಲಾಖೆಯೋರು ಡೆಂಗ್ಯೂ ಬಗ್ಗೆ, ಪೊಲೀಸರು ಪೋಕ್ಸೋ ಮತ್ತೆ ಹೆಲ್ಮೆಟ್ ಬಗ್ಗೆ, ಇನ್ನೊಬ್ರು 1098 ಸಹಾಯವಾಣಿ ಬಗ್ಗೆ, ಎಲ್ಲಾ ಬೇಕಾದ ವಿಷ್ಯಾನೇ, ಆದ್ರೆ ಮಕ್ಕಳ ಸಭೇಲಿ ಮಕ್ಕಳು ಬಾಯಿ ಬಿಡೋ ಹೊತ್ತಿಗೆ ಅಡುಗೆ ಕೋಣೆಯಿಂದ ಸಾಂಬಾರಿನ ಪರಿಮಳ ಬರ್ತಾ ಇತ್ತು. ಟೀಚರ್ ಮೊದಲೇ ಚೀಟಿ ಬರೆಸಿ ಯಾರ್ ಯಾರು ಕೇಳ್ಬೇಕು ಅಂತ ನಿಗದಿ ಮಾಡಿದ್ರು. ಶಾಲೆಗೆ ಕಂಪೌಂಡ್ ಬೇಕು, ಕುಡಿಯೋ ನೀರಿನ ಫಿಲ್ಟರ್ ಬೇಕು, ಆಟದ ಮೈದಾನ ಬೇಕು. ಹೆಡ್‌ಮೇಷ್ಟ್ರ ಮನವಿ ಮಕ್ಕಳ ದನಿಯಲ್ಲಿ.

ಚೀಟಿ ಎಲ್ಲಾ ಮುಗಿದ ಮೇಲೆ ಹಿಂದಿನ ಸಾಲಲ್ಲಿ ಒಬ್ಬ ಮಾಣಿ ಕೈ ಎತ್ತಿದ. "ಸರ್, ಶಾಲೆ ಬಿಡೂದು ನಾಲ್ಕೂಕಾಲಿಗೆ, ಬಸ್ಸು ಹೋಗೂದು ನಾಲ್ಕು ಹತ್ತಕ್ಕೆ, ಮತ್ತೆ ಬಸ್ಸು ಆರಕ್ಕೆ, ಒಂದ್ ಹತ್ ನಿಮಿಷ ಲೇಟ್ ಬಿಡೂಕೆ ಹೇಳ್ಲಿಕ್ಕೆ ಆತಿಲ್ಯಾ?" ಒಂದು ಪೈಸೆ ಖರ್ಚಿಲ್ಲದ ವಿಷ್ಯ. ಅವನ ಊರಿನ ಮಕ್ಕಳ ಸಂಜೆ ಪೂರ್ತಿ ಬದಲಾಗ್ತಿತ್ತು. ಪಿಡಿಒ, ಅಂದ್ರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಮೈಕ್ ತಗೊಂಡು ಅದು ಆರ್‌ಟಿಓಗೆ ಬರ್ತದೆ, ನಮ್ಮ ವ್ಯಾಪ್ತಿಗೆ ಬರಲ್ಲ, ಸಂಬಂಧಪಟ್ಟ ಇಲಾಖೆಗೆ ಬರೀತೇವೆ ಅಂದ್ರು. ಬಸ್ಸಿನ ಓನರ್ ಮನೆ ಅದೇ ಪಂಚಾಯತಿಲಿ, ಆಫೀಸಿಂದ ಕೂಗಿದ್ರೆ ಕೇಳ್ತದೆ. ಆಮೇಲೆ ವಂದನಾರ್ಪಣೆ.

ಕುಂದಾಪುರದಲ್ಲಿ ಇದ್ದು ಇಲ್ಲಿ ಇಲ್ಲದ್ದು ಎಂತ ಅಂತ ನಾನು ತುಂಬಾ ಯೋಚನೆ ಮಾಡಿದ್ದೇನೆ. ಸಭೆ ಅಂತೂ ಇದೆ. ಸಭೆಗೆ ಮುಂಚಿನ ತಿಂಗಳುಗಳು ಇಲ್ಲ, ಅಂದ್ರೆ ಸರ್ವೆ, ನಕ್ಷೆ, ಜಗಳ, ಆದ್ಯತೆ, ಅದೆಲ್ಲ ಬಿಟ್ಟು ಕೊನೇ ದಿನ ಮಾತ್ರ ಆದೇಶದೊಳಗೆ ಬಂತು. ಸಭೆ ಆದ ಮೇಲಿನ ತಿಂಗಳುಗಳೂ ಇಲ್ಲ, ಟಾಸ್ಕ್ ಫೋರ್ಸ್ ತರ ಮತ್ತೆ ಮತ್ತೆ ಅದೇ ಆಫೀಸರ್ ಎದುರು ಕೂತು ಹೋದ ಸಲದ್ದು ಎಂತ ಆಯ್ತು ಅಂತ ಕೇಳೋ ಜಾಗ ಇಲ್ಲ. ಶಾಲೆ ಮೂಲಕವೇ ಮಕ್ಕಳನ್ನ ಕರೆಯೋದ್ರಿಂದ ಶಾಲೆ ಬಿಟ್ಟ ಮಕ್ಕಳು, ಕಟ್ಟಡ ಕೆಲಸಕ್ಕೆ ಅಂತ ಉತ್ತರ ಕರ್ನಾಟಕದಿಂದ ಬಂದು ಶೆಡ್ಡಲ್ಲಿರೋ ಮನೆಗಳ ಮಕ್ಕಳು, ಇವರ್ಯಾರೂ ಲೆಕ್ಕಕ್ಕೇ ಬರಲ್ಲ. ಇಡೀ ವಿಷ್ಯ ಶುರುವಾಗಿದ್ದೇ ಶಾಲೆ ಬಿಟ್ಟ ಮಕ್ಕಳಿಂದ ಅನ್ನೋದು ನೆನಪಿರ್ಲಿ.

ದುಡ್ಡಿನ ವಿಷ್ಯಕ್ಕೆ ಅಮೆರಿಕದ ಬಾಸ್ಟನ್ ನಗರದ್ದು ಒಂದು ಹೇಳ್ಬೇಕು. 2014ರಲ್ಲಿ ಅಲ್ಲಿನ ನಗರಾಡಳಿತ ಹತ್ತು ಲಕ್ಷ ಡಾಲರ್ ಪಕ್ಕಕ್ಕಿಟ್ಟು, 12ರಿಂದ 25 ವರ್ಷದೊಳಗಿನೋರು ಓಟು ಹಾಕಿ ಇದನ್ನ ಯಾವುದಕ್ಕೆ ಖರ್ಚು ಮಾಡ್ಬೇಕು ಹೇಳಿ ಅಂತು. ಹುಡುಗ್ರು ಪಾರ್ಕಿನ ರಿಪೇರಿ, ಹೈಸ್ಕೂಲಿಗೆ ಲ್ಯಾಪ್‌ಟಾಪ್, ಕಲಾವಿದರು ಚಿತ್ರ ಬಿಡಿಸೋಕೆ ಗೋಡೆಗಳು ಅಂತೆಲ್ಲ ಆರಿಸಿದ್ರು. ಆಲೋಚನೆ ಆಳದಲ್ಲಿ ನೋಡಿದ್ರೆ ನಮ್ಮ ಕುಂದಾಪುರದ ಮಕ್ಕಳದ್ದೇ ಒಂದು ಕೈ ಮೇಲು ಅಂತ ನಾನು ಧೈರ್ಯವಾಗಿ ಹೇಳ್ತೇನೆ. ಆದ್ರೆ ಬಾಸ್ಟನ್ ಹುಡುಗರು ಓಟು ಹಾಕಿದ್ರ ಹಿಂದೆ ಚೆಕ್ಕು ಇತ್ತು. ನಮ್ಮಲ್ಲಿ ಮನವಿ ಇತ್ತು. ಒಂದು ಗ್ರಾಮ ಪಂಚಾಯತಿ ತನ್ನ ತೆರಿಗೆ ದುಡ್ಡಲ್ಲಿ ಒಂದು ಸಣ್ಣ ಪಾಲು, ಐವತ್ತು ಸಾವಿರ ಆದ್ರೂ ಸೈ, ಇದು ಮಕ್ಕಳು ಹೇಳಿದ್ದಕ್ಕೆ ಅಂತ ಇಟ್ರೆ ಆ ಸಭೆಯ ಧಾಟಿಯೇ ಬದಲಾಗ್ತದೆ, ಬೇಕು ಬೇಕು ಅನ್ನೋ ಮಕ್ಕಳು ಇದಾ ಅದಾ ಅಂತ ತೂಗಿ ನೋಡೋಕೆ ಶುರು ಮಾಡ್ತಾರೆ.

ಸಂಕಕ್ಕೆ ಬರೋಣ. 2017-18ರ ಸುಮಾರಿಗೆ ರಾಜ್ಯ ಸರ್ಕಾರ ಮಲೆನಾಡು, ಕರಾವಳಿ ಮಕ್ಕಳಿಗೋಸ್ಕರ ಶಾಲಾ ಸಂಪರ್ಕ ಸೇತು ಅಂತ ಯೋಜನೆ ತಂತು, ಹಳ್ಳ ತೋಡುಗಳಿಗೆ ಪಕ್ಕಾ ಕಾಲುಸೇತುವೆ. ಮಕ್ಕಳು ತಮ್ಮ ಪಂಚಾಯತಿಗೆ ಬರೆದುಕೊಟ್ಟು ಆಗ್ಲೇ ಹತ್ತು ವರ್ಷ ದಾಟಿತ್ತು. ಸುಮಾರು ಕಡೆ ಆಯ್ತು, ಒಪ್ಕೊಳ್ಳೋಣ. ಆದ್ರೆ 2022ರ ಆಗಸ್ಟಲ್ಲಿ ಬೈಂದೂರು ತಾಲೂಕಲ್ಲಿ, ಅಂದ್ರೆ 2018ರ ತನಕ ಕುಂದಾಪುರ ತಾಲೂಕೇ ಆಗಿದ್ದ ಜಾಗದಲ್ಲಿ, ಶಾಲೆಯಿಂದ ಮನೆಗೆ ಬರ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕ ದಾಟುವಾಗ ಜಾರಿ ನೀರಿಗೆ ಬಿದ್ದು ತೀರ್ಕೊಂಡ್ಲು. ಆಮೇಲೆ ಜಿಲ್ಲೇಲಿ ಅಪಾಯದ ಸಂಕ ಎಷ್ಟಿವೆ, ಎಲ್ಲೆಲ್ಲಿವೆ ಅನ್ನೋ ಚರ್ಚೆ ಜೋರಾಯ್ತು. ಆ ಲೆಕ್ಕ ಮಕ್ಕಳು ಮೊದಲೇ ಶುರು ಮಾಡಿದ್ರಲ್ಲ, ಪ್ರತಿ ಮಳೆಗಾಲದ ಮುಂಚೆ ಅದನ್ನೇ ತಿದ್ದಿ ತಿದ್ದಿ ಇಟ್ಕೊಂಡಿದ್ರೆ ಸಾಕಿತ್ತು.

ಈಗಿನ ಪರಿಸ್ಥಿತಿ ನೋಡಿದ್ರೆ ಕುಂದಾಪುರದಲ್ಲಿ ಆಗಿದ್ದನ್ನ ಮತ್ತೆ ಮಾಡೋಕೆ ದೊಡ್ಡ ಎನ್‌ಜಿಓ ಬೇಕಾಗಿಲ್ಲ ಅಂತ ನಂಗನ್ಸ್ತದೆ. 2020ರ ನವೆಂಬರ್ 14ಕ್ಕೆ ಓದುವ ಬೆಳಕು ಅನ್ನೋ ಸರ್ಕಾರದ ಕಾರ್ಯಕ್ರಮ ಶುರುವಾದಾಗಿನಿಂದ ಪಂಚಾಯತಿ ಲೈಬ್ರರಿಗಳಲ್ಲಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಸದಸ್ಯತ್ವ ಫ್ರೀ, ಈಗ ಅವಕ್ಕೆ ಅರಿವು ಕೇಂದ್ರ ಅಂತ ಹೆಸರು. ಮಕ್ಕಳು ಸೇರೋಕೆ, ನಕ್ಷೆ ಬಿಡಿಸೋಕೆ, ಸರ್ವೆ ಪೇಪರ್ ಇಡೋಕೆ ಜಾಗ ಸಿಕ್ಕಂಗಾಯ್ತು, ಟೀಚರ್ ಚೀಟಿಯ ಹಂಗೂ ಇಲ್ಲ. ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೇಲಿ ಈಗ ಒಂಬತ್ತು ವಿಷಯ ಕೊಟ್ಟಿದ್ದಾರೆ, ಅದ್ರಲ್ಲಿ ಒಂದು ಮಕ್ಕಳ ಸ್ನೇಹಿ ಗ್ರಾಮ. ಆ ಯೋಜನೆ ತಯಾರಾಗೋ ಸೀಸನ್ನು ಅಕ್ಟೋಬರ್ 2ಕ್ಕೆ ಶುರುವಾಗಿ ಜನವರಿ ತನಕ ನಡೀತದೆ. ಮಕ್ಕಳ ಗ್ರಾಮ ಸಭೆ ನವೆಂಬರಲ್ಲಿ. ಅಂದ್ರೆ ಮಕ್ಕಳು ಹೇಳಿದ್ದು ಪ್ಲಾನಿಗೆ ಸೇರೋಕೆ ಎರಡು ತಿಂಗಳು ಸಮಯ ತಾನಾಗೇ ಸಿಗ್ತದೆ, ಸೇರಿಸೋಕೆ ಟೈಮ್ ಇರ್ಲಿಲ್ಲ ಅನ್ನೋ ನೆಪ ನಡಿಯಲ್ಲ.

ಅಪ್‌ಲೋಡ್ ಆದ ಪ್ಲಾನ್ ಇ-ಗ್ರಾಮಸ್ವರಾಜ್ ಪೋರ್ಟಲಲ್ಲಿ ಯಾರು ಬೇಕಾದ್ರೂ ನೋಡ್ಬೋದು, ಲಾಗಿನ್ ಬೇಡ, ರಾಜ್ಯ, ಜಿಲ್ಲೆ, ತಾಲೂಕು, ಪಂಚಾಯತಿ ಅಂತ ಆರಿಸ್ತಾ ಹೋದ್ರೆ ಕಾಮಗಾರಿಗಳ ಪಟ್ಟಿ ಬರ್ತದೆ. ನಿಮ್ಮೂರಿನ ಮಕ್ಕಳ ಗ್ರಾಮ ಸಭೆಯ ನಡಾವಳಿ ಪುಸ್ತಕ ಪಂಚಾಯತಿ ಆಫೀಸಲ್ಲಿ ಇರ್ತದೆ, ಕೇಳಿ ತಗೊಂಡು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಕೊಡಲ್ಲ ಅಂದ್ರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಸಾಕು. ನೋಡೋ ಕೆಲಸಾನೂ ಮಕ್ಕಳಿಗೇ ಕೊಟ್ರೆ ಇನ್ನೂ ಒಳ್ಳೇದು, ಮೊಬೈಲ್ ನಮಗಿಂತ ಅವರಿಗೇ ಚೆನ್ನಾಗಿ ಬರ್ತದೆ.